ಹೆಂಗಸರ ನೂರು ಗಜದ ಓಟ

ಬಳ್ಳಾರಿ
2 ನವೆಂಬರ್ 1952

ಪ್ರೀತಿಯ ತಂಗಿ ದಾಕ್ಷಾಯಣಿಗೆ ಅಣ್ಣನ ಆಶೀರ್ವಾದ.

ದೀಪಾವಳಿಗೆ ನೀನು ಬರಲಿಲ್ಲವೆಂದು ನಿನ್ನ ಅತ್ತಿಗೆ ದೊಡ್ಡಬಸಮ್ಮ ಇನ್ನೂ ಮುನಿಸಿಕೊಂಡಿದ್ದಾಳೆ. ನಿನ್ನ ಪಾಲಿನ ಕರಜಿಕಾಯಿ ಡಬ್ಬಿಯಲ್ಲೇ ಇದೆ, ಯಾರನ್ನೂ ಮುಟ್ಟಗೊಡುತ್ತಿಲ್ಲ. ಶಾಲೆಗೆ ರಜೆ ಇದ್ದರೂ ಸಿರುಗುಪ್ಪ ಬಿಟ್ಟು ಏಳಲಾರದಷ್ಟು ಕೆಲಸ ಅದೇನಿದೆಯೋ ನಿನಗೆ.

ಈಗ ಒಂದು ಸಂತೋಷದ ಸುದ್ದಿ. ಡಿಸೆಂಬರ್ ಹದಿಮೂರು, ಹದಿನಾಲ್ಕರಂದು ಬಳ್ಳಾರಿಯಲ್ಲಿ ದೊಡ್ಡ ಕ್ರೀಡಾಕೂಟ. ಕುಸ್ತಿ, ಕಬಡ್ಡಿ, ವಾಲಿಬಾಲ್, ಓಟ, ಜಿಗಿತ ಎಲ್ಲವೂ ಉಂಟು. ಆದೋನಿ, ರಾಯದುರ್ಗ, ಹೊಸಪೇಟೆಗಳಿಂದಲೂ ಜನ ಬರುತ್ತಾರೆ. ಹತ್ತಿ ಗಿರಣಿಯ ಎರ್ರಿಸ್ವಾಮಿ ಸಾಹುಕಾರರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಕೋರ್ಟಿನ ಕೆಲಸ ಬಿಟ್ಟು ಇದರಲ್ಲೇ ಮುಳುಗಿದ್ದೇನೆ. ಈ ಸಲ ಮೊದಲ ಬಾರಿಗೆ ಹೆಂಗಸರಿಗೂ ನೂರು ಗಜದ ಓಟ ಇಟ್ಟಿದ್ದೇವೆ. ಇದು ಸಾಹುಕಾರರದೇ ಆಲೋಚನೆ. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಹೆಣ್ಣುಮಕ್ಕಳು ಒಲೆಯ ಮುಂದೆಯೇ ಇರಬೇಕೇ ಎಂದು ಸಭೆಯಲ್ಲಿ ಕೇಳಿದರು.

ಆದರೆ ಓಡುವವರೇ ಸಿಗುತ್ತಿಲ್ಲ. ನಿನ್ನ ಕಡೆಯಿಂದ ಒಬ್ಬಿಬ್ಬರನ್ನು ಕಳಿಸಿಕೊಡಬೇಕು. ಗಂಡ ತೀರಿದ ತಂಗಿಯನ್ನು ಊರೆಲ್ಲ ಬೈದರೂ ಓದಿಸಿ ಟೀಚರ್ ಮಾಡಿದವನು ನಾನು. ಆ ಹಕ್ಕಿನಿಂದ ಕೇಳುತ್ತಿದ್ದೇನೆ.

ನಿನ್ನ ಅಣ್ಣ
ಕೊಟ್ರಬಸಪ್ಪ

*

ಸಿರುಗುಪ್ಪ
9 ನವೆಂಬರ್ 1952

ಅಣ್ಣನಿಗೆ ದಾಕ್ಷಾಯಣಿಯ ಶರಣು.

ನಿನ್ನ ಪತ್ರ ಓದಿದ ಕೂಡಲೇ ನನಗೆ ನೆನಪಾದವಳು ಒಬ್ಬಳೇ. ಊರಮ್ಮ ಎಂದು ಹೆಸರು, ಹದಿನೆಂಟು ವರ್ಷ. ರಾರಾವಿಯ ಒಕ್ಕಲಿಗ ಗಾಳೆಪ್ಪನ ಮಗಳು. ತಾಯಿಯಿಲ್ಲ. ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು, ಸಂಜೆ ನಮ್ಮ ಶಾಲೆಯಲ್ಲಿ ನಡೆಯುವ ಹೊಲಿಗೆ ತರಗತಿಗೆ ಬರುತ್ತಾಳೆ. ಕುರುಗೋಡಿನಲ್ಲಿರುವ ಸೋದರಮಾವನ ಮಗ ಚಂದ್ರಣ್ಣನಿಗೆ ಗೊತ್ತುಮಾಡಿದ್ದಾರೆ, ವೈಶಾಖದಲ್ಲಿ ಮದುವೆ.

ಹೋದ ತಿಂಗಳು ನಾನು ಹೊಳೆಯ ದಂಡೆಯಲ್ಲಿದ್ದೆ. ಆಚೆ ದಂಡೆಗೆ ಹೋಗುವ ಹರಿಗೋಲು ಬಿಡುತ್ತಿತ್ತು. ದೂರದಿಂದ ಈ ಹುಡುಗಿ ತಲೆಯ ಮೇಲೆ ಗಂಟು ಹೊತ್ತು, ಒಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು, ಮಳಲಿನ ಮೇಲೆ ಓಡಿ ಬಂದಳು. ಅದೇ ಹರಿಗೋಲಿಗೆಂದು ಓಡುತ್ತಿದ್ದ ಗಂಡಸರನ್ನು ಹಿಂದೆ ಹಾಕಿ ಬಂದು ಹತ್ತಿ ಕೂತಳು. ಮಳಲಿನಲ್ಲಿ ನಡೆಯುವುದೇ ಕಷ್ಟ ಅಣ್ಣ. ಇವಳಿಗೆ ಏದುಸಿರೂ ಇರಲಿಲ್ಲ.

ಕೇಳಿದರೆ, ಸಣ್ಣವಳಿದ್ದಾಗಿನಿಂದ ಓಡುವುದೆಂದರೆ ಇಷ್ಟ, ದೊಡ್ಡವಳಾದ ಮೇಲೆ ಯಾರೂ ಬಿಡುವುದಿಲ್ಲ, ಅದಕ್ಕೆ ಹರಿಗೋಲಿಗೆ ಬೇಕೆಂದೇ ತಡಮಾಡಿ ಹೋಗುತ್ತೇನೆ ಎಂದಳು. ಎಷ್ಟು ನಕ್ಕೆನೆಂದರೆ ಕಣ್ಣಲ್ಲಿ ನೀರು ಬಂತು.

ಅವಳನ್ನು ಕರೆದುಕೊಂಡು ಬರುತ್ತೇನೆ. ಆದರೆ ಕೆಲವು ಮಾತು ಮೊದಲೇ ತಿಳಿಯಬೇಕು. ಉಡುಪು ಏನು? ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇದೆಯೇ? ನೋಡುವ ಗಂಡಸರು ಎಲ್ಲಿ ನಿಲ್ಲುತ್ತಾರೆ? ಅತ್ತಿಗೆಯೂ ಬಳ್ಳಾರಿಯ ಬೇರೆ ಹೆಂಗಸರೂ ಬಂದು ಮುಂದೆ ಕೂತರೆ ಹುಡುಗಿಗೆ ಧೈರ್ಯ. ಹೊಲದವರ ಮಗಳು, ಮದುವೆ ನಿಶ್ಚಯವಾದವಳು. ಅವಳ ತಂದೆಗೆ ನಾನು ಮಾತು ಕೊಡಬೇಕಾಗುತ್ತದೆ.

ಕರಜಿಕಾಯಿ ಹಾಗೇ ಇರಲಿ, ಬಂದು ತಿನ್ನುತ್ತೇನೆ.

ದಾಕ್ಷಾಯಣಿ

*

ಬಳ್ಳಾರಿ
18 ನವೆಂಬರ್ 1952

ಪ್ರೀತಿಯ ದಾಕ್ಷಾಯಣಿಗೆ.

ಪತ್ರ ಓದಿ ಸಾಹುಕಾರರಿಗೆ ಹರಿಗೋಲಿನ ಸಂಗತಿ ಹೇಳಿದೆ. ತುಂಬಾ ಖುಷಿಪಟ್ಟರು. ಹುಡುಗಿ ನೋಡಲು ಹೇಗಿದ್ದಾಳೆ, ಎತ್ತರವೇ ಎಂದೆಲ್ಲ ವಿಚಾರಿಸಿದರು. ಓಟಕ್ಕೆ ಎತ್ತರ ಬೇಕಲ್ಲವೇ.

ಉಡುಪಿನ ಚಿಂತೆ ಬೇಡ, ಎಲ್ಲರಿಗೂ ಒಂದೇ ರೀತಿಯದನ್ನು ಸಮಿತಿಯೇ ಹೊಲಿಸಿ ಕೊಡುತ್ತದೆ. ಕೋಟೆಯ ಕೆಳಗಿನ ಬಯಲಿನ ಪಕ್ಕದಲ್ಲಿ ಕೋಣೆ ಇದೆ, ಬಾಗಿಲಿದೆ, ಬೀಗವೂ ಇದೆ. ಆದೋನಿಯಿಂದ ಇಬ್ಬರು, ಹೊಸಪೇಟೆಯಿಂದ ಒಬ್ಬಳು ಒಪ್ಪಿದ್ದಾರೆ. ನಿನ್ನವಳು ಸೇರಿದರೆ ನಾಲ್ವರು, ಸಾಕು.

ಉಳಿದ ವ್ಯವಸ್ಥೆಯೆಲ್ಲ ಇಲ್ಲಿ ನೋಡಿಕೊಳ್ಳುತ್ತೇವೆ. ಸಣ್ಣಪುಟ್ಟದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ. ಊಟ ನಮ್ಮ ಮನೆಯಲ್ಲೇ.

ಕೊಟ್ರಬಸಪ್ಪ

*

ಸಿರುಗುಪ್ಪ
30 ನವೆಂಬರ್ 1952

ಅಣ್ಣನಿಗೆ ಶರಣು.

ಗಂಡಸರು ಎಲ್ಲಿ ನಿಲ್ಲುತ್ತಾರೆ ಎಂಬುದಕ್ಕೂ, ಅತ್ತಿಗೆ ಬರುತ್ತಾಳೆಯೇ ಎಂಬುದಕ್ಕೂ ನೀನು ಉತ್ತರ ಬರೆಯಲಿಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕು. ನೀನು ಇರುವಾಗ ನನಗೇನು ಭಯ ಎಂದುಕೊಂಡು ಸುಮ್ಮನಾಗಿದ್ದೇನೆ.

ರಾರಾವಿಗೆ ಹೋಗಿ ಗಾಳೆಪ್ಪನ ಒಪ್ಪಿಗೆ ಕೇಳಿದೆ. ಅವನು ಹೇಳಿದ, “ಅಕ್ಕೋರೇ, ನಮ್ಮ ಹುಡುಗಿ ಓಡ್ತಾಳ ಅನ್ನೋದು ಊರಿಗೆಲ್ಲಾ ಗೊತ್ತೈತಿ. ಅಲ್ಲಿ ನಿಮ್ಮ ಅಣ್ಣಾರು ಇರ್ತಾರಂದ್ರ ಕರ್ಕೊಂಡು ಹೋಗ್ರಿ. ನಾ ನಿಮ್ಮನ್ನ ನಂಬೀನಿ.”

ಈಗ ದಿನಾ ಬೆಳಿಗ್ಗೆ ಹೊಳೆದಂಡೆಯಲ್ಲಿ ಓಡುತ್ತಾಳೆ. ಮೊದಲು ತಲೆ ತಗ್ಗಿಸಿ ಓಡುತ್ತಿದ್ದಳು. ಈಗ ಎದುರಿನ ಜಾಲಿಮರ ನೋಡುತ್ತ ಓಡಲು ಹೇಳಿಕೊಟ್ಟಿದ್ದೇನೆ. ನಾನೇನು ಬಲ್ಲೆ, ತರಬೇತಿಯಲ್ಲಿ ಕಲಿಸಿದ್ದ ಡ್ರಿಲ್ಲಿನ ನೆನಪು ಅಷ್ಟೇ. ಉಳಿದದ್ದನ್ನು ಅವಳ ಕಾಲುಗಳೇ ಕಲಿಯುತ್ತವೆ. ನಮ್ಮ ಶಾಲೆಯ ಆಯಾ ಗಾದೆಮ್ಮ ಮೊದಮೊದಲು ಬೈಯುತ್ತಿದ್ದವಳು ಈಗ ಹುರಿಗಡಲೆ ಬೆಲ್ಲ ಕಟ್ಟಿಕೊಂಡು ದಂಡೆಗೆ ಬರುತ್ತಾಳೆ.

ಮೊನ್ನೆ ಚಂದ್ರಣ್ಣ ಎತ್ತು ನೋಡಲು ಸಿರುಗುಪ್ಪಕ್ಕೆ ಬಂದವನು ದಂಡೆಗೂ ಬಂದ. ಈಗ ಓಟ ನಿಲ್ಲಿಸುತ್ತಾನೆ ಎಂದುಕೊಂಡೆ. ಅವನು ನೋಡಿ, “ನಮ್ಮೂರಾಗ ಇಷ್ಟು ಜೋರು ಓಡೋ ಗಂಡಸೂ ಇಲ್ರಿ” ಎಂದು ನಕ್ಕು ಹೋದ. ಎಂಥ ಒಳ್ಳೆಯ ಹುಡುಗ. ಊರಮ್ಮನ ಅದೃಷ್ಟ ದೊಡ್ಡದು.

ಹನ್ನೆರಡರ ಸಂಜೆ ಬಸ್ಸಿಗೆ ಹೊರಟು ಬರುತ್ತೇವೆ.

ದಾಕ್ಷಾಯಣಿ

*

ಬಳ್ಳಾರಿ
17 ಡಿಸೆಂಬರ್ 1952

ಪ್ರೀತಿಯ ದಾಕ್ಷಾಯಣಿಗೆ.

ಭಾನುವಾರ ಸಂಜೆ ಊಟ ಮಾಡದೆ, ಹೇಳದೆ ಕೇಳದೆ ಹೊರಟುಬಿಟ್ಟೆಯಲ್ಲ. ಹುಡುಗಿಗೆ ಆಯಾಸವಾಗಿತ್ತೇ? ಅಥವಾ ನಿನಗೇ ಬಿಸಿಲು ಹೊಡೆಯಿತೇ? ನಾನು ಬಹುಮಾನ ವಿತರಣೆಯ ಗದ್ದಲದಲ್ಲಿದ್ದೆ.

ಇಡೀ ಬಳ್ಳಾರಿ ನಿನ್ನ ಊರಮ್ಮನ ಮಾತೇ ಆಡುತ್ತಿದೆ. ಕುಸ್ತಿಗೂ ಅಷ್ಟು ಜನ ಸೇರಿರಲಿಲ್ಲ. ಸಾಹುಕಾರರು ನನ್ನ ಬೆನ್ನು ತಟ್ಟಿ, “ವಕೀಲರೇ, ನಿಮ್ಮಿಂದ ಕೂಟಕ್ಕ ಕಳೆ ಬಂತು” ಎಂದರು. ಅವಳನ್ನು ಆದೋನಿ, ರಾಯದುರ್ಗಗಳಲ್ಲೂ ಓಡಿಸಬೇಕೆಂಬ ಆಸೆ ಅವರಿಗೆ. ಅವಳು ಓಡುತ್ತಿರುವ ಫೋಟೊ ಬಹಳ ಚೆನ್ನಾಗಿ ಬಂದಿದೆಯಂತೆ, ಗಿರಣಿಯ ಹೊಸ ವರ್ಷದ ಕ್ಯಾಲೆಂಡರಿಗೆ ಅದನ್ನೇ ಹಾಕಿಸುತ್ತಿದ್ದಾರೆ. ರಾರಾವಿಯ ಹುಡುಗಿಗೆ ಇದಕ್ಕಿಂತ ದೊಡ್ಡ ಗೌರವ ಏನಿದೆ?

ಗಾಳೆಪ್ಪನಿಗೆ ನನ್ನ ಅಭಿನಂದನೆ ತಿಳಿಸು.

ಕೊಟ್ರಬಸಪ್ಪ

*

ಸಿರುಗುಪ್ಪ
24 ಡಿಸೆಂಬರ್ 1952

ಕೊಟ್ರಬಸಪ್ಪನವರಿಗೆ.

ನೀವು ಬರೆದ ಪತ್ರ ತಲುಪಿತು. ನಾಲ್ಕು ದಿನ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ.

ನೀವು ಅಲ್ಲೇ ಇದ್ದಿರಿ. ಆದರೂ ಏನೂ ನೋಡದವರ ಹಾಗೆ ಬರೆದಿದ್ದೀರಿ. ಅದಕ್ಕೆ, ಆ ದಿನ ಏನಾಯಿತು ಎಂಬುದನ್ನು ನಾನು ಬರೆಯಬೇಕಾಗಿದೆ.

ಕೋಣೆಗೆ ಬಾಗಿಲಿತ್ತು, ನಿಜ. ನಿಮ್ಮ ಸಮಿತಿಯ ಆಳು ಒಂದು ಗಂಟು ತಂದುಕೊಟ್ಟ. ಒಳಗೆ ತೊಡೆ ಮುಚ್ಚದ ಚಡ್ಡಿ, ಮೈ ಕಾಣುವಷ್ಟು ತೆಳ್ಳಗಿನ ತೋಳಿಲ್ಲದ ಅಂಗಿ. ಹೊಸಪೇಟೆಯ ಹುಡುಗಿ ಅಳತೊಡಗಿದಳು. ನಾವು ಸೀರೆಯಲ್ಲೇ ಕಚ್ಚೆ ಹಾಕಿ ಓಡುತ್ತೇವೆ ಎಂದೆ. ಹಾಗಾದರೆ ಓಟಕ್ಕೆ ಸೇರಿಸುವುದಿಲ್ಲವಂತೆ, ಅದು ಅಧ್ಯಕ್ಷರ ಅಪ್ಪಣೆಯಂತೆ. ನಾನು ಬೇಡ, ಹೋಗೋಣ ನಡಿ ಎಂದೆ. ಊರಮ್ಮನೇ ತಡೆದಳು. “ಇಲ್ಲೀತನಕ ಬಂದೀನಿ ಅಕ್ಕೋರೇ. ಓಡಿ ಹೋಗ್ತೀನಿ. ಒಂದು ಕ್ಷಣದ ಮಾತು” ಎಂದಳು. ಬಿಟ್ಟ ಸೀರೆಗಳನ್ನು ಕಾಯುವ ನೆವದಲ್ಲಿ ಆಳು ಕೋಣೆಗೆ ಬೀಗ ಹಾಕಿ ಬೀಗದ ಕೈ ತೆಗೆದುಕೊಂಡು ಹೋದ. ಅಂದರೆ ಓಟ ಮುಗಿದರೂ, ಅವನು ಮನಸ್ಸು ಮಾಡುವತನಕ ಆ ಹುಡುಗಿಯರು ಹಾಗೆಯೇ ಇರಬೇಕು.

ಹೊರಗೆ ಬಂದರೆ ಬಯಲಿನಲ್ಲಿ ಒಬ್ಬಳೂ ಹೆಂಗಸಿಲ್ಲ. ಗಂಡಸರ ಓಟದಲ್ಲಿ ಜನ ಸುತ್ತಲೂ ಚದುರಿದ್ದರು. ಈಗ ಎಲ್ಲರೂ ಗುರಿಯ ಹಗ್ಗದ ಹತ್ತಿರ ಬಂದು ಗುಂಪುಗೂಡಿದ್ದರು. ಮುಂದೆ ನಿಮ್ಮ ಸಾಹುಕಾರರೂ ಅವರ ಗೆಳೆಯರೂ ಕುರ್ಚಿ ಹಾಕಿಸಿಕೊಂಡು, ತಟ್ಟೆಯ ತುಂಬ ಎಲೆ ಅಡಿಕೆ ಇಟ್ಟುಕೊಂಡು ಕೂತಿದ್ದರು. ಅತ್ತರಿನ ವಾಸನೆ, ಉಗುಳಿನ ವಾಸನೆ. ಕುರ್ಚಿಗಳ ಮುಂದಿನ ನೆಲವೆಲ್ಲ ಕೆಂಪಾಗಿತ್ತು. ಹುಡುಗಿಯರು ಬರಿಗಾಲಲ್ಲಿ ಓಡಿ ಬಂದು ನಿಲ್ಲಬೇಕಾದದ್ದು ಅದೇ ನೆಲದ ಮೇಲೆ.

ಊರಮ್ಮ ಗೆದ್ದಳು. ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೆ ಸೀಟಿ ಊದಿ, ಹೊರಡುವುದರಲ್ಲಿ ತಪ್ಪಾಗಿದೆ, ಮತ್ತೆ ಓಡಿ ಎಂದರು. ಯಾರ ತಪ್ಪು ಎಂದು ಹೇಳಲಿಲ್ಲ. ಮತ್ತೆ ಓಡಿದರು, ಮತ್ತೆ ಅವಳೇ ಗೆದ್ದಳು. ಮತ್ತೆ ಸೀಟಿ. ಆಗ ನಾನು ನಿಮ್ಮ ಹತ್ತಿರ ಬಂದು, ಅಣ್ಣಾ ನಿಲ್ಲಿಸು ಎಂದೆ. ನೀವು ನನ್ನ ಮುಖ ನೋಡದೆ ಹೇಳಿದಿರಿ, “ಇನ್ನೊಂದು ಸಲ ಅಷ್ಟ. ದೊಡ್ಡೋರು ಸರಿಯಾಗಿ ನೋಡ್ಲಿಲ್ಲಂತ.”

ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ.

ಮೂರನೆಯ ಸಲವೂ ಅವಳೇ ಗೆದ್ದಳು. ಸಾಹುಕಾರರು ಎದ್ದು ಬಂದು ಪದಕವನ್ನು ತಾವೇ ಅವಳ ಅಂಗಿಗೆ ಚುಚ್ಚಲು ಕೈ ಚಾಚಿದರು. ಬೆರಳಿಗೆ ಸುಣ್ಣ ಮೆತ್ತಿತ್ತು, ತುಟಿಯಿಂದ ರಸ ಇಳಿಯುತ್ತಿತ್ತು. ಅವಳು ಪದಕವನ್ನು ಅವರ ಕೈಯಿಂದ ಕಿತ್ತುಕೊಂಡು ನಡೆದುಬಿಟ್ಟಳು. ಜನ ನಕ್ಕರು. ನೀವೂ ನಕ್ಕಿರಿ. ಕೋಣೆಯ ಬೀಗವನ್ನು ಅವಳು ಕಲ್ಲಿನಿಂದ ಒಡೆದಳು. ಅದರ ಬೆಲೆ ಎಷ್ಟೆಂದು ತಿಳಿಸಿದರೆ ಕಳಿಸುತ್ತೇನೆ.

ನಾವು ಚೀಲ ತೆಗೆದುಕೊಳ್ಳಲು ನಿಮ್ಮ ಮನೆಗೆ ಹೋದೆವು. ಅತ್ತಿಗೆಗೆ ತಲೆನೋವು, ಅದಕ್ಕೆ ಬಯಲಿಗೆ ಬರಲಿಲ್ಲ ಎಂದಿದ್ದಿರಲ್ಲ, ಅವಳು ಬಾಗಿಲಲ್ಲೇ ನಿಂತಿದ್ದಳು. ಯಾಕೆ ಬರಲಿಲ್ಲ ಎಂದು ಕೇಳಿದೆ. “ಅದು ಮನೀ ಹೆಣ್ಮಕ್ಳು ಹೋಗೋ ಜಾಗ ಅಲ್ಲಂತ ಅವ್ರು ಹಿಂದಿನ ವಾರನ ಹೇಳಿದ್ರು” ಎಂದಳು.

ಹಿಂದಿನ ವಾರವೇ. ಅಂದರೆ ಅಲ್ಲಿ ಏನು ನಡೆಯಲಿದೆ ಎಂಬುದು ನಿಮಗೆ ಗೊತ್ತಿತ್ತು. ನಿಮ್ಮ ಹೆಂಡತಿಗೆ ಆಗದ ಜಾಗಕ್ಕೆ, ನನ್ನ ಮಾತು ನಂಬಿದ ಒಬ್ಬ ಒಕ್ಕಲಿಗನ ಮಗಳನ್ನು ಕರೆಸಿಕೊಂಡಿರಿ. ಆ ಮನೆಯಲ್ಲಿ ನನಗೆ ನೀರೂ ಇಳಿಯಲಿಲ್ಲ. ಅದಕ್ಕೆ ಊಟ ಮಾಡದೆ ಬಂದೆ. ಬಿಸಿಲು ಹೊಡೆದಿರಲಿಲ್ಲ.

ಆ ಫೋಟೊ ಅಚ್ಚಾಗಬಾರದು. ನಿಮ್ಮಿಂದ ಬೇರೇನೂ ಬೇಡ, ಇಷ್ಟು ಮಾಡಿಸಿ.

ದಾಕ್ಷಾಯಣಮ್ಮ

*

ಬಳ್ಳಾರಿ
2 ಜನವರಿ 1953

ದಾಕ್ಷಾಯಣಿಗೆ.

ಮೊದಲು ಈ ‘ನೀವು’ ಬಿಡು. ಓದುವಾಗ ಮೈಮೇಲೆ ಹುಳ ಹರಿದಂತಾಗುತ್ತದೆ.

ನಿನ್ನ ಪತ್ರವನ್ನು ಬೇರೆ ಯಾರಾದರೂ ಬರೆದಿದ್ದರೆ ಹರಿದೆಸೆಯುತ್ತಿದ್ದೆ. ಮದ್ರಾಸಿನಲ್ಲಿ, ದಿಲ್ಲಿಯಲ್ಲಿ ಹೆಣ್ಣುಮಕ್ಕಳು ಇಂಥ ಉಡುಪಿನಲ್ಲೇ ಓಡುತ್ತಾರೆ. ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಓದಿದವಳಾದ ನೀನು ಹಳೆಯ ಕಾಲದ ಮುದುಕಿಯಂತೆ ಮಾತಾಡಿದರೆ ಹೇಗೆ? ಅಲ್ಲಿ ಸೇರಿದ್ದವರು ಊರಿನ ಮರ್ಯಾದಸ್ಥರು. ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೆಟ್ಟದ್ದು ನಿನ್ನ ಮನಸ್ಸಿನಲ್ಲಿದೆ. ದೊಡ್ಡಬಸಮ್ಮನಿಗೆ ಜನಜಂಗುಳಿ ಒಗ್ಗುವುದಿಲ್ಲ ಎಂಬ ಅರ್ಥದಲ್ಲಿ ನಾನು ಹೇಳಿದ್ದು. ಅವಳು ಅದನ್ನು ಹೇಗೋ ಹೇಳಿದಳು, ನೀನು ಇನ್ನು ಹೇಗೋ ತಿಳಿದುಕೊಂಡೆ.

ಸಾಹುಕಾರರ ಗಿರಣಿಯ ವ್ಯಾಜ್ಯಗಳೇ ನನ್ನ ಮನೆ ನಡೆಸುತ್ತಿವೆ. ನಿಮ್ಮ ಶಾಲೆಗೆ ಛಾವಣಿ ಹಾಕಿಸಿಕೊಟ್ಟವರೂ ಅವರೇ. ಅವರಿಗೆ ನಾನು ಹೋಗಿ, ನನ್ನ ತಂಗಿಗೆ ನಿಮ್ಮ ಬಾಯಿಯ ಎಲೆ ಅಡಿಕೆ ಸರಿಬರಲಿಲ್ಲ ಎನ್ನಲೇ?

ಕ್ಯಾಲೆಂಡರ್ ಅಚ್ಚಾಗಿ ಬಂದಾಗಿದೆ. ಸಂಕ್ರಾಂತಿಗೆ ಹಂಚುತ್ತಾರೆ. ನನ್ನ ಕೈಯಲ್ಲಿ ಏನೂ ಇಲ್ಲ. ಚಿತ್ರ ನೋಡಿದೆ, ಚೆನ್ನಾಗಿದೆ. ಕೆಳಗೆ ಅವಳ ಹೆಸರನ್ನೂ ಊರನ್ನೂ ಹಾಕಿದ್ದಾರೆ.

ಕೊಟ್ರಬಸಪ್ಪ

*

ಕುರುಗೋಡು
25 ಜನವರಿ 1953

ಕೊಟ್ರಬಸಪ್ಪನವರಿಗೆ.

ಬಸ್ಸಿಗೆ ಕಾಯುತ್ತ ಇಲ್ಲಿನ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿಮ್ಮ ಸಾಹುಕಾರರ ಕ್ಯಾಲೆಂಡರ್ ಕುರುಗೋಡಿಗೂ ಬಂದಿದೆ. ಎಣ್ಣೆಯ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಈ ಹೋಟೆಲಿನ ಗಲ್ಲಾದ ಹಿಂದೆ. ಹಳ್ಳಿಯಿಂದ ಹತ್ತಿ ತಂದವರಿಗೆಲ್ಲ ಗಿರಣಿಯಲ್ಲಿ ಒಂದೊಂದು ಕೊಟ್ಟಿದ್ದಾರೆ. ಕ್ಷೌರದ ಅಂಗಡಿಯಲ್ಲಿದ್ದ ಚಿತ್ರದ ಮೇಲೆ ಯಾರೋ ಇದ್ದಲಿನಿಂದ ಗೀಚಿದ್ದರು. ಏನೆಂದು ಬರೆಯಲಾರೆ. ನೋಡಿದ ಮೇಲೆ ನಾನು ಗೋಡೆಯ ಮೂಲೆಗೆ ಹೋಗಿ ವಾಂತಿ ಮಾಡಿದೆ.

ಚಂದ್ರಣ್ಣನ ತಾಯಿ ಹೇಳಿಕಳಿಸಿದ್ದಳು. ಗಾಳೆಪ್ಪ, ಊರಮ್ಮ, ನಾನು ಮೂವರೂ ಬಂದಿದ್ದೆವು. ಆಕೆ ಬೈದಳು, ಅತ್ತಳು. ಅದು ನಿರೀಕ್ಷಿಸಿದ್ದೇ. ಗಾಳೆಪ್ಪ ತಲೆ ಎತ್ತಲಿಲ್ಲ. ನನ್ನನ್ನು ಬೈಯಲಿ ಎಂದು ಕಾಯುತ್ತಿದ್ದೆ, ಅವನು ಒಂದು ಮಾತೂ ಅನ್ನಲಿಲ್ಲ.

ಚಂದ್ರಣ್ಣನ ಮೇಲೆ ನನಗೆ ನಂಬಿಕೆ ಇತ್ತು. ಹೊಳೆದಂಡೆಯಲ್ಲಿ ಅವನು ನಕ್ಕದ್ದನ್ನು ನೋಡಿದವಳು ನಾನು. ಅವನು ಬಹಳ ಸಮಾಧಾನದಿಂದ ಮಾತಾಡಿದ. ತಾನು ಮದುವೆಯಿಂದ ಹಿಂದೆಗೆಯುವುದಿಲ್ಲವಂತೆ. ಆದರೆ ಊರ ಹಿರಿಯರ ಮುಂದೆ ಊರಮ್ಮ ನಿಂತು, ನನಗೆ ಮನಸ್ಸಿರಲಿಲ್ಲ, ಟೀಚರಮ್ಮ ಬಲವಂತದಿಂದ ಓಡಿಸಿದಳು ಎಂದು ಹೇಳಬೇಕು. ತಪ್ಪಾಯಿತು ಎಂದು ಎಲ್ಲರ ಕಾಲಿಗೆ ಬೀಳಬೇಕು. ಇನ್ನು ಜನ್ಮದಲ್ಲಿ ಓಡಬಾರದು. ಹೀಗೆ ಹೇಳುವಾಗಲೂ ಅದೇ ನಗು ಅವನ ಮುಖದಲ್ಲಿತ್ತು. ಆ ನಗುವನ್ನು ನಾನು ಒಳ್ಳೆಯತನ ಎಂದುಕೊಂಡಿದ್ದೆ.

ನಾನು ಅವಳಿಗೆ ಹಾಗೇ ಹೇಳಿಬಿಡು, ನನಗೇನೂ ಬೇಸರವಿಲ್ಲ ಎಂದೆ. ಅವಳು ಎದ್ದು ನಿಂತಳು.

“ನಾನ ಮನಸ್ಸು ಮಾಡಿ ಓಡೀನಿ. ಮೂರು ಸಲ ಓಡ್ಸಿದ್ರು, ಮೂರು ಸಲಾನೂ ಗೆದ್ದೀನಿ. ಕೆಟ್ಟ ಕಣ್ಣಿಲೆ ನೋಡಿದೋರು ಅವ್ರು. ನಾ ಯಾರ ಕಾಲಿಗೂ ಬೀಳಂಗಿಲ್ಲ” ಎಂದು ಹೇಳಿ ಹೊರಗೆ ಹೋದಳು.

ಗಾಳೆಪ್ಪ ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಮಗಳ ಹಿಂದೆಯೇ ನಡೆದ. ಮದುವೆ ಮುರಿಯಿತು.

ಈಗ ಇಲ್ಲಿ ಕೂತಾಗ ನಡೆದದ್ದನ್ನೂ ಬರೆಯುತ್ತೇನೆ. ಊರಮ್ಮ ಹೋಟೆಲಿನವನನ್ನು ಆ ಕ್ಯಾಲೆಂಡರ್ ಕೊಡು ಎಂದು ಕೇಳಿದಳು. ಅವನು ಅವಳನ್ನೂ ಚಿತ್ರವನ್ನೂ ಒಮ್ಮೆ ನೋಡಿ, ತೆಗೆದುಕೊಟ್ಟ. ಅವಳು ಅದನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಎಂದುಕೊಂಡೆ. “ಎಡಗಾಲು ಇನ್ನೊಂಚೂರು ಮ್ಯಾಲೆತ್ತಬೇಕಿತ್ತು ನೋಡ್ರಿ ಅಕ್ಕೋರೇ” ಎಂದಳು. ಆಮೇಲೆ ಸುತ್ತಿ ಒಯ್ದು ಒಲೆಗೆ ಹಾಕಿದಳು.

ನಾನು ಆ ಚಿತ್ರದಲ್ಲಿ ಇಷ್ಟು ದಿನ ಹೊಲಸು ಬಿಟ್ಟರೆ ಬೇರೇನೂ ಕಂಡಿರಲಿಲ್ಲ.

ಬಸ್ಸು ಬಂತು.

ದಾಕ್ಷಾಯಣಮ್ಮ

*

ಬಳ್ಳಾರಿ
6 ಫೆಬ್ರವರಿ 1953

ದಾಕ್ಷಾಯಣಿಗೆ.

ಮದುವೆ ಮುರಿದ ಸುದ್ದಿಯಿಂದ ಬೇಸರವಾಯಿತು. ಹಳ್ಳಿಯ ಜನ ಹೀಗೇ. ಸಾಹುಕಾರರ ಕಿವಿಗೆ ಹಾಕಿದೆ. ಅವರು ದೊಡ್ಡ ಮನಸ್ಸಿನವರು, ಹುಡುಗಿಗೆ ಹೊಲಿಗೆ ಯಂತ್ರ ಕೊಡಿಸುತ್ತಾರಂತೆ. ಅವಳೇ ಗಿರಣಿಗೆ ಬಂದು ತೆಗೆದುಕೊಂಡು ಹೋಗಬೇಕು ಎಂದರು. ಯಾವ ದಿನ ಕಳಿಸುತ್ತೀ?

ಕೊಟ್ರಬಸಪ್ಪ

*

ಬಳ್ಳಾರಿ
19 ಏಪ್ರಿಲ್ 1953

ದಾಕ್ಷಾಯಣಿಗೆ.

ಹೊಲಿಗೆ ಯಂತ್ರದ ಬಗ್ಗೆ ಬರೆದದ್ದಕ್ಕೆ ಉತ್ತರ ಬರಲಿಲ್ಲ. ಯುಗಾದಿಗೂ ನೀನು ಬರಲಿಲ್ಲ. ದೊಡ್ಡಬಸಮ್ಮ ನನ್ನೊಡನೆ ಮಾತು ಕಡಿಮೆ ಮಾಡಿದ್ದಾಳೆ. ಊಟಕ್ಕೆ ಬಡಿಸುತ್ತಾಳೆ, ಒಳಗೆ ಹೋಗುತ್ತಾಳೆ.

ನಿನಗೆ ಕ್ಷೇಮವೇ? ಎರಡು ಸಾಲು ಬರೆ.

ಕೊಟ್ರಬಸಪ್ಪ

*

ಬಳ್ಳಾರಿ
23 ಆಗಸ್ಟ್ 1953

ದಾಕ್ಷಾಯಣಿಗೆ.

ನೀನು ಓದುತ್ತೀಯೋ ಇಲ್ಲವೋ ತಿಳಿಯದು. ಆದರೂ ಬರೆಯುತ್ತಿದ್ದೇನೆ.

ಮೊನ್ನೆ ಈ ವರ್ಷದ ಕ್ರೀಡಾಕೂಟದ ಮೊದಲ ಸಭೆ ಗಿರಣಿಯ ಕಚೇರಿಯಲ್ಲಿ ಸೇರಿತ್ತು. ಹೆಂಗಸರ ಓಟಕ್ಕೆ ಯಾರು ಸಿಗುತ್ತಾರೆ ಎಂಬ ಮಾತು ಬಂತು. ಹೋದ ವರ್ಷದವರು ಯಾರೂ ಬರುವುದಿಲ್ಲ ಎಂದಿದ್ದಾರೆ. ಆಗ ಸಾಹುಕಾರರು ಕಾಲು ಚಾಚಿಕೊಂಡು, ಎಲ್ಲರ ಮುಂದೆ ಹೇಳಿದರು, “ವಕೀಲರ ತಂಗಿ ಅದಾಳಲ್ಲ, ಟೀಚರಮ್ಮ. ಗಂಡಿಲ್ಲದಾಕಿ. ಆಕೀಗೂ ಒಂದು ಚಡ್ಡಿ ಹೊಲಿಸಿದ್ರಾತು.”

ಎಲ್ಲರೂ ನಕ್ಕರು. ನನ್ನ ಪಕ್ಕದಲ್ಲಿ ಕೂತಿದ್ದ, ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವನೂ ನಕ್ಕ. ಆ ಅತ್ತರಿನ ವಾಸನೆ ಗಂಟಲಿಗೆ ಇಳಿದ ಹಾಗಾಯಿತು. ಮೇಜಿನ ಮೇಲಿದ್ದ ಕಾಗದವೆಲ್ಲ ಅಲ್ಲೇ ಬಿಟ್ಟು ಎದ್ದು ಬಂದೆ. ಕಾರ್ಯದರ್ಶಿಯ ಕೆಲಸ ಬಿಟ್ಟಿದ್ದೇನೆ. ಗಿರಣಿಯ ವ್ಯಾಜ್ಯಗಳೂ ನನ್ನಿಂದ ಹೋದವು. ಹೋಗಲಿ.

ನಮ್ಮ ಮನೆಯ ಹೆಣ್ಣುಮಗಳ ಬಗ್ಗೆ ಅಂಥ ಮಾತು. ಎಷ್ಟು ಹೊಲಸು ಬಾಯಿ. ಇಂಥವನ ಜೊತೆ ಇಷ್ಟು ದಿನ ಕೂತೆನಲ್ಲ ಎಂದು ಮೈಯೆಲ್ಲ ಉರಿಯುತ್ತದೆ. ಈಗಲಾದರೂ ನಿನ್ನ ಅಣ್ಣ ಎಂಥವನೆಂದು ನಿನಗೆ ತಿಳಿಯುತ್ತದೆ ಎಂದುಕೊಂಡಿದ್ದೇನೆ.

ಕೊಟ್ರಬಸಪ್ಪ

*

ಸಿರುಗುಪ್ಪ
5 ಸೆಪ್ಟೆಂಬರ್ 1953

ಕೊಟ್ರಬಸಪ್ಪನವರಿಗೆ.

ನಿಮ್ಮ ಪತ್ರಗಳನ್ನೆಲ್ಲ ಓದಿದ್ದೇನೆ. ಹೊಲಿಗೆ ಯಂತ್ರದ ಪತ್ರವನ್ನು ಮಾತ್ರ ಓದಿದ ಮೇಲೆ ಕೈ ತೊಳೆದುಕೊಂಡೆ. ಅದಕ್ಕೆ ಉತ್ತರ ಬರೆಯಲಿಲ್ಲ. ಅವಳೇ ಗಿರಣಿಗೆ ಬರಬೇಕು ಎಂದಾಗ ನಿಮಗೆ ಏನೂ ಅನ್ನಿಸಲಿಲ್ಲವೇ ಎಂದು ಆಗಲೇ ಕೇಳಬೇಕೆಂದಿದ್ದೆ.

ಸಾಹುಕಾರರು ನನ್ನ ಬಗ್ಗೆ ಆಡಿದ ಮಾತು ಕೇಳಿ ನನಗೆ ಹೊಸದಾಗಿ ಏನೂ ಆಗಲಿಲ್ಲ. ಅವರ ಬಾಯಿ ಹೋದ ಡಿಸೆಂಬರಿನಲ್ಲೂ ಹಾಗೇ ಇತ್ತು. ನಿಮಗೆ ಅಸಹ್ಯ ಬಂದದ್ದು ನನ್ನ ಹೆಸರು ಬಂದಾಗ. ಊರಮ್ಮ ಎದುರಿಗೇ ನಿಂತಿದ್ದಾಗ ಬರಲಿಲ್ಲ. ನೀವು ಎದ್ದು ಬಂದದ್ದು ಮನೆಯ ಮರ್ಯಾದೆಗೆ. ಆ ಮನೆಯೊಳಗೆ ರಾರಾವಿಯ ಹುಡುಗಿ ಸೇರಿಲ್ಲ. ಈ ಪತ್ರದಲ್ಲೂ ಅವಳ ಹೆಸರಿಲ್ಲ, ಹುಡುಕಿ ನೋಡಿದೆ.

ಗಿರಣಿಯ ಕೆಲಸ ಹೋದದ್ದಕ್ಕೆ ವ್ಯಸನವಿದೆ. ಅತ್ತಿಗೆಗೆ ಕಷ್ಟವಾಗದಿರಲಿ.

ಸಾಹುಕಾರರು ನಮ್ಮ ಶಾಲೆಯವರಿಗೂ ನನ್ನ ಮೇಲೆ ಹೇಳಿಕಳಿಸಿದ್ದರು. ನನ್ನನ್ನು ತೆಗೆಯಬೇಕೆಂದು. ಊರಿನ ಹೆಂಗಸರು, ಹೊಲಿಗೆಗೆ ಬರುವವರು, ಅವರ ತಾಯಂದಿರು ಗಾದೆಮ್ಮನನ್ನು ಮುಂದಿಟ್ಟುಕೊಂಡು ಶಾಲೆಯ ಕಟ್ಟೆಯ ಮೇಲೆ ಬಂದು ಕೂತರು. ತೆಗೆಯಲಿಲ್ಲ. ಛಾವಣಿ ಸೋರುತ್ತಿದೆ, ಅದನ್ನು ಈಗ ನಾವೇ ಸರಿಮಾಡಿಸಿಕೊಳ್ಳಬೇಕು.

ಊರಮ್ಮ ಚೆನ್ನಾಗಿದ್ದಾಳೆ. ಅವಳು ಕೆಲವು ತಿಂಗಳು ಹೊಳೆಗೆ ಬರಲಿಲ್ಲ. ಈಗ ಮತ್ತೆ ಓಡುತ್ತಾಳೆ.

ದಾಕ್ಷಾಯಣಮ್ಮ

*

ಬಳ್ಳಾರಿ
29 ನವೆಂಬರ್ 1953

ದಾಕ್ಷಾಯಣಿಗೆ.

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಎರಡು ಸಲ ಬರೆದು ಹರಿದೆ.

ಅಕ್ಟೋಬರಿನಿಂದ ನಾವೆಲ್ಲ ಮೈಸೂರು ರಾಜ್ಯದವರಾದೆವು. ಆದೋನಿ, ರಾಯದುರ್ಗ ಆಂಧ್ರಕ್ಕೆ ಹೋದವು. ಆ ಗಲಾಟೆಯಲ್ಲಿ ಈ ವರ್ಷ ಕ್ರೀಡಾಕೂಟ ನಡೆಯುವುದಿಲ್ಲ. ನೀನು ಸಿರುಗುಪ್ಪದಲ್ಲಿ ಹೆಂಗಸರ ಓಟ ನಡೆಸುತ್ತೀಯೆಂದು ದೊಡ್ಡಬಸಮ್ಮ ಹೇಳಿದಳು. ನಿನ್ನಿಂದ ಅವಳಿಗೆ ಪತ್ರ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಅವಳು ಬರುತ್ತಾಳಂತೆ. ಒಬ್ಬಳೇ ಬಸ್ಸಿನಲ್ಲಿ ಬರುತ್ತಾಳಂತೆ.

ನಾನೂ ಬರಲೇ?

ಕೊಟ್ರಬಸಪ್ಪ

*

ಸಿರುಗುಪ್ಪ
22 ಡಿಸೆಂಬರ್ 1953

ಕೊಟ್ರಬಸಪ್ಪನವರಿಗೆ.

ನಾನೂ ಬರಲೇ ಎಂದು ಕೇಳಿದಿರಿ. ನಾನು ಉತ್ತರ ಬರೆಯದೆ ಇದ್ದದ್ದು ಮರೆವಿನಿಂದಲ್ಲ. ಬೇಡ ಎನ್ನಲು ಮನಸ್ಸು ಬರಲಿಲ್ಲ, ಬನ್ನಿ ಎನ್ನಲೂ ಆಗಲಿಲ್ಲ. ನೀವು ಬರಲಿಲ್ಲ. ಅದು ಒಳ್ಳೆಯದೇ ಆಯಿತು.

ಅತ್ತಿಗೆ ಇನ್ನೂ ನಾಲ್ಕು ದಿನ ಇಲ್ಲೇ ಇರುತ್ತೇನೆ ಎನ್ನುತ್ತಿದ್ದಾಳೆ. ಅದಕ್ಕೆ ಕೂಟದ ಸುದ್ದಿ ನಾನೇ ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಹೊಳೆದಂಡೆಯಲ್ಲಿ ನಡೆಸಿದೆವು. ಓಟ, ಉದ್ದ ಜಿಗಿತ, ಗುಂಡು ಎಸೆತ. ಗುಂಡಿರಲಿಲ್ಲ, ಒಂದು ದುಂಡನೆಯ ಹೊಳೆಗಲ್ಲನ್ನೇ ಎಸೆದರು. ಗಂಡಸರಿಗೆ ಬರಬೇಡಿ ಎನ್ನಲಿಲ್ಲ. ಹೆಂಡತಿ ಮಕ್ಕಳ ಜೊತೆ ಬಂದವರು ನಿಂತು ನೋಡಿದರು. ಬೇರೆ ಆಸೆಯಿಂದ ಬಂದಿದ್ದ ನಾಲ್ಕು ಜನರನ್ನು ಗಾದೆಮ್ಮ ಗುರುತು ಹಿಡಿದು ಮಾತಾಡಿಸಿದಳು. ಅವಳ ಮಾತು ಕೇಳಿ ಯಾರೂ ಬಹಳ ಹೊತ್ತು ನಿಲ್ಲುವುದಿಲ್ಲ.

ಎಲ್ಲರೂ ಸೀರೆಯನ್ನು ಕಚ್ಚೆ ಹಾಕಿ ಬಿಗಿದುಟ್ಟು ಓಡಿದರು, ನಾಟಿಗೆ ಗದ್ದೆಗೆ ಇಳಿಯುವ ಹಾಗೆ. ಗುರಿಯ ಹಗ್ಗದ ಒಂದು ತುದಿ ಹಿಡಿದವಳು ಅತ್ತಿಗೆ. ಓಡಿ ಬಂದವರು ತಾಗಿದ ರಭಸಕ್ಕೆ ಒಮ್ಮೆ ಮಳಲಿನಲ್ಲಿ ಬಿದ್ದು, ಎದ್ದು ಮೈ ಕೊಡವಿಕೊಂಡು ಮತ್ತೆ ಹಿಡಿದಳು. ಅವಳು ಅಷ್ಟು ಜೋರಾಗಿ ನಗುವುದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನೀವು ಕೇಳಿದ್ದೀರೋ ಇಲ್ಲವೋ.

ಊರಮ್ಮ ಸೋತಳು.

ರಾರಾವಿಯ ಗಂಗಕ್ಕ ಎಂಬ ಹೆಣ್ಣುಮಗಳು, ಎರಡು ಮಕ್ಕಳ ತಾಯಿ, ಕೂಲಿಗೆ ಹೋಗುವವಳು. ಕಂಕುಳಲ್ಲಿದ್ದ ಮಗುವನ್ನು ಗಾಳೆಪ್ಪನ ಕೈಗೆ ಕೊಟ್ಟು ಬಂದು ಸಾಲಿನಲ್ಲಿ ನಿಂತಳು. ಮೊದಲಿಂದ ಕೊನೆಯವರೆಗೂ ಯಾರಿಗೂ ಅವಳನ್ನು ಮುಟ್ಟಲಾಗಲಿಲ್ಲ. ಊರಮ್ಮ ಎರಡನೆಯವಳಾಗಿ ಬಂದು ಹಾಗೇ ಮಳಲಿನ ಮೇಲೆ ಕೂತುಬಿಟ್ಟಳು. ನಾನು ಹತ್ತಿರ ಹೋಗಿ ಸಮಾಧಾನ ಮಾಡಲು ನೋಡಿದೆ. ಅವಳಿಗೆ ಅದು ಬೇಕಿರಲಿಲ್ಲ. ಗಂಗಕ್ಕ ಮಗುವಿಗೆ ಹಾಲು ಕುಡಿಸುತ್ತ ಕೂತಿದ್ದ ಕಡೆಗೇ ನೋಡುತ್ತಿದ್ದಳು. “ಆಕಿ ಹೆಜ್ಜಿ ನೋಡಿದ್ರೇನ್ರಿ?” ಎಂದಳು. “ಇಷ್ಟು ದಿನ ಒಬ್ಬಾಕಿನ ಓಡಿದ್ನಲ್ಲ, ನನಗ ಗೊತ್ತ ಆಗಿರಲಿಲ್ಲ.”

ಇನ್ನು ನಿಮ್ಮ ಮಾತು. ನನಗೆ ಸುಳ್ಳು ಬರೆಯಲು ಬರುವುದಿಲ್ಲ. ಅಸಹ್ಯ ಇನ್ನೂ ಹೋಗಿಲ್ಲ. ಬಳ್ಳಾರಿಯ ಮನೆಯನ್ನು ನೆನೆದರೆ, ನನ್ನ ಮುಖ ನೋಡದೆ ನೀವು ಮಾತಾಡಿದ್ದು ಮೊದಲು ನೆನಪಾಗುತ್ತದೆ. ನೀವು ನನ್ನನ್ನು ಓದಿಸಿದ್ದು ಆಮೇಲೆ. ಅದು ಮೊದಲು ನೆನಪಾಗುವ ದಿನ ಬಂದರೆ ನಾನೇ ಬರುತ್ತೇನೆ. ಅಲ್ಲಿಯವರೆಗೆ ಬರೆಯುತ್ತಿರಿ. ನಿಮ್ಮ ಪತ್ರ ಬಂದರೆ ಓದುತ್ತೇನೆ.

ಗಾಳೆಪ್ಪನ ವಿಳಾಸವನ್ನು ಜೊತೆಗಿನ ಚೀಟಿಯಲ್ಲಿ ಬರೆದಿದ್ದೇನೆ. ನನಗೆ ಬರೆಯುವ ಮೊದಲು ಅವನಿಗೆ ಬರೆಯಿರಿ. ಅವನಿಗೆ ಓದು ಬರುವುದಿಲ್ಲ. ಊರಮ್ಮ ಓದಿ ಹೇಳುತ್ತಾಳೆ, ಅದನ್ನು ತಿಳಿದುಕೊಂಡೇ ಬರೆಯಿರಿ.

ಬೆಳಗಾಗಿದೆ. ರಾರಾವಿಯಿಂದ ಗಂಗಕ್ಕ ಬಂದಿದ್ದಾಳೆ. ಊರಮ್ಮ ಬಾಗಿಲಲ್ಲಿ ನಿಂತು, ಬಿಸಿಲೇರ್ತೈತಿ ಬರ್ರಿ ಎಂದು ಕೂಗುತ್ತಿದ್ದಾಳೆ. ಅತ್ತಿಗೆ ಆಗಲೇ ಹೊಳೆಯ ಕಡೆ ಹೊರಟಿದ್ದಾಳೆ.

ದಾಕ್ಷಾಯಣಿ